ಮೊದಲನೇ ವರ್ಷವೇ ಕಪ್: 2013-14ರ ಐ-ಲೀಗ್‌ನ ಎರಡು ಲೆಕ್ಕ

(1/3)

ಸರಸ್ವತಿ ನಗರದ ಖಾಲಿ ಸೈಟ್‌ನಲ್ಲಿ ನಾವು ಆಡೋ ಫುಟ್‌ಬಾಲ್‌ಗೆ ಗೋಲ್ ಪೋಸ್ಟ್ ಅಂದ್ರೆ ನಾಲ್ಕು ಇಟ್ಟಿಗೆ. ಮೊದಲನೇ ಫೋಟೋ ಅದೇ. ನಗಬೇಡಿ. ದಾವಣಗೆರೆಯಲ್ಲಿ ಫುಟ್‌ಬಾಲ್ ಅಂದ್ರೆ ಇಷ್ಟೇ, ಉಳಿದದ್ದೆಲ್ಲ ಕ್ರಿಕೆಟ್.

ಈ ಸಲದ ಕಥೆ 2013-14ರದ್ದು. ನಂಗಾಗ ಎಂಟೊಂಬತ್ತು ವರ್ಷ. ಆ ಸೀಸನ್‌ನಲ್ಲಿ ನಮ್ಮೂರು ನೋಡ್ತಿದ್ದದ್ದು ಬೇರೆಯದನ್ನೇ. 2014ರ ಫೆಬ್ರವರಿಯಲ್ಲಿ ಹೈದರಾಬಾದ್‌ನಲ್ಲಿ ಕರ್ನಾಟಕ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಗೆದ್ದಿತ್ತು. ಕ್ಯಾಪ್ಟನ್ ನಮ್ಮ ಆರ್. ವಿನಯ್ ಕುಮಾರ್, 'ದಾವಣಗೆರೆ ಎಕ್ಸ್‌ಪ್ರೆಸ್'. ಅದೇ ತಿಂಗಳುಗಳಲ್ಲಿ ಬೆಂಗಳೂರಿನ ಒಂದು ಫುಟ್‌ಬಾಲ್ ತಂಡ ದೇಶದ ಅತಿ ದೊಡ್ಡ ಲೀಗ್‌ನಲ್ಲಿ ಮೇಲೆ ಮೇಲೆ ಹೋಗ್ತಿತ್ತು ಅನ್ನೋದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ತಂಡ ಬೆಂಗಳೂರು ಎಫ್‌ಸಿ. ಹುಟ್ಟಿದ್ದು 2013ರ ಜುಲೈನಲ್ಲಿ. ಹುಟ್ಟಿಸಿದ್ದು ಜೆಎಸ್‌ಡಬ್ಲ್ಯು. ಹೌದು, ನಮ್ಮ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಹೋಗೋ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಯವರೇ. ಕೆಳಗಿನ ಡಿವಿಷನ್‌ನಲ್ಲಿ ಆಡಿ ಮೇಲೆ ಬಂದ ತಂಡ ಅಲ್ಲ ಇದು. ಫುಟ್‌ಬಾಲ್ ಫೆಡರೇಷನ್ ಬಿಡ್ ಕರೆದು ಕಂಪನಿಗಳಿಗೆ ನೇರ ಪ್ರವೇಶ ಕೊಟ್ಟಿತ್ತು, ಹಾಗೆ ಬಂದದ್ದು.

ಜಾಗ ಖಾಲಿಯಾಗಿದ್ದು ಹೇಗೆ? ಇಲ್ಲೇ ನಿಜವಾದ ಕಥೆ ಇರೋದು. ಹಿಂದಿನ ಸೀಸನ್ ಆಡಿದ್ದ ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳು ಕ್ಲಬ್ ಲೈಸೆನ್ಸ್ ನಿಯಮಕ್ಕೆ ಹೊಂದಲಿಲ್ಲ ಅಂತ ಹೊರಗೆ ಹೋದವು. ಕ್ಲಬ್ಬಿಗೆ ತನ್ನದೇ ಕಾನೂನುಬದ್ಧ ಅಸ್ತಿತ್ವ, ಯೂತ್ ತಂಡ, ಸ್ಟೇಡಿಯಂ, ಆಡಿಟ್ ಆದ ಲೆಕ್ಕಪತ್ರ ಇರಬೇಕು ಅನ್ನೋದು ಆ ಲೈಸೆನ್ಸ್‌ನ ತಿರುಳು. ಸರ್ಕಾರಿ ಕಂಪನಿಯ ಸ್ಪೋರ್ಟ್ಸ್ ವಿಭಾಗದ ಹತ್ರ ಇವೆಲ್ಲ ಎಲ್ಲಿಂದ ಬರಬೇಕು?

ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದೇ ಇಂಥ ತಂಡಗಳಿಂದ: ಐಟಿಐ, ಎಚ್‌ಎಎಲ್, ಎಂಇಜಿ. ಚೆನ್ನಾಗಿ ಆಡೋ ಹುಡುಗನಿಗೆ ಕೆಲಸ, ಸಂಬಳ, ಪಿಎಫ್. ಬೂಟು ಬಿಚ್ಚಿದ ಮೇಲೂ ಮನೆ ನಡೀತಿತ್ತು. ಬಿಎಫ್‌ಸಿಗಿಂತ ಮುಂಚೆ ಐ-ಲೀಗ್‌ನಲ್ಲಿದ್ದ ಬೆಂಗಳೂರಿನ ತಂಡ ಎಚ್‌ಎಎಲ್. 2011-12ರಲ್ಲಿ ಅದು ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಒಂದು ವರ್ಷ ಊರಿಗೆ ತಂಡವೇ ಇಲ್ಲ. ಆಮೇಲೆ ಬಂತು ಹೊಸದು.

(2/3)

ಆಟಕ್ಕೆ ಬರೋಣ.

ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ಇಂಗ್ಲೆಂಡಿನವರು, ಮ್ಯಾಂಚೆಸ್ಟರ್ ಯುನೈಟೆಡ್‌ನ ಯೂತ್ ತಂಡದಲ್ಲಿ ಬೆಳೆದವರು. (ನಮ್ಮೂರೂ 'ಕರ್ನಾಟಕದ ಮ್ಯಾಂಚೆಸ್ಟರ್' ಅಲ್ವಾ! ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ.) ಕ್ಯಾಪ್ಟನ್ ಸುನಿಲ್ ಛೆಟ್ರಿ. ಹಿಂದಿನ ಸೀಸನ್‌ನಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಪರ ಆಡಿ ಐ-ಲೀಗ್ ಗೆದ್ದು ಬಂದಿದ್ದರು. ಹಿಂದೆ ಕೀನ್ಯಾದ ಕರ್ಟಿಸ್ ಒಸಾನೊ, ಇಂಗ್ಲೆಂಡಿನ ಜಾನ್ ಜಾನ್ಸನ್. ಮುಂದೆ ಛೆಟ್ರಿ ಜೊತೆ ರಾಬಿನ್ ಸಿಂಗ್, ಆಸ್ಟ್ರೇಲಿಯಾದ ಶಾನ್ ರೂನಿ. ನಮ್ಮ ರಾಜ್ಯದ ಶಂಕರ್ ಸಂಪಂಗಿರಾಜ್ ಕೂಡ ತಂಡದಲ್ಲಿದ್ದರು.

ಮೈದಾನ ಅಶೋಕನಗರದ ಹಳೇ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಕೃತಕ ಹುಲ್ಲು. ಎಂಟು ಸಾವಿರ ಜನ ಸೇರಿದ್ರೆ ತುಂಬಿಹೋಗುತ್ತೆ. 2013ರ ಸೆಪ್ಟೆಂಬರ್ 22ರಂದು ಮೊದಲ ಪಂದ್ಯ, ಎದುರಿಗೆ ನೂರು ವರ್ಷ ದಾಟಿದ ಮೋಹನ್ ಬಗಾನ್. 1-1. ಕ್ಲಬ್ಬಿನ ಇತಿಹಾಸದ ಮೊದಲ ಗೋಲು ರೂನಿಯದ್ದು. ಎರಡು ತಿಂಗಳ ಕೂಸು ನೂರರ ಮುದುಕನ ಜೊತೆ ಸಮ ಮಾಡಿಕೊಂಡಿತ್ತು. ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ನಿಂತು ತೊಂಬತ್ತು ನಿಮಿಷ ಹಾಡೋ ಅಭಿಮಾನಿಗಳು ಹುಟ್ಟಿಕೊಂಡರು, ವೆಸ್ಟ್ ಬ್ಲಾಕ್ ಬ್ಲೂಸ್ ಅಂತ.

ಲೀಗ್‌ನಲ್ಲಿ 13 ತಂಡ, ಒಬ್ಬೊಬ್ಬರಿಗೆ 24 ಪಂದ್ಯ. ಎಲ್ಲ ಪಂದ್ಯದ ಕಥೆ ಹೇಳಿದ್ರೆ ನೀವು ಸ್ಕ್ರೋಲ್ ಮಾಡಿ ಹೋಗ್ತೀರ. 2014ರ ಏಪ್ರಿಲ್ 21ಕ್ಕೆ ಹೋಗೋಣ. ಗೋವಾದಲ್ಲಿ ಡೆಂಪೊ ಎದುರು ಪಂದ್ಯ. ಡೆಂಪೊ ಅಂದ್ರೆ ಆಗಲೇ ಮೂರು ಸಲ ಐ-ಲೀಗ್ ಗೆದ್ದ ಮನೆತನ. ಅವರದ್ದೇ ನೆಲದಲ್ಲಿ 4-2. ಒಂದು ಪಂದ್ಯ ಬಾಕಿ ಇರುವಾಗಲೇ ಕಪ್ ಬೆಂಗಳೂರಿಗೆ.

ಕೊನೆಯ ಲೆಕ್ಕ: 14 ಗೆಲುವು, 5 ಡ್ರಾ, 5 ಸೋಲು, 47 ಪಾಯಿಂಟ್. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಛೆಟ್ರಿ ಗೋಲು 14. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ಅದಕ್ಕೆ ಮುಂಚೆ ಇರಲಿಲ್ಲ. ಇದು ಬರೀ ದುಡ್ಡಿನ ಗೆಲುವು ಅಂತ ಕೆಲವರು ಅಂತಾರೆ. ನಾನು ಒಪ್ಪಲ್ಲ. ಅದೇ ಸಲ ಬಿಡ್ ಹಾಕಿ ಮುಂಬೈಗೆ ತಂಡ ತರ್ತೀವಿ ಅಂದವರು ಸೀಸನ್ ಶುರುವಾಗೋ ಮುಂಚೆಯೇ ಹಿಂದೆ ಸರಿದರು. ದುಡ್ಡು ಅವರ ಹತ್ರಾನೂ ಇತ್ತು.

(3/3)

ಈಗ ಎರಡನೇ ಲೆಕ್ಕ, ನಾನು ಇದನ್ನ ಬರೆಯೋಕೆ ಕೂತ ಕಾರಣ. ಬಿಕಾಂ ಮೊದಲ ಸೆಮಿಸ್ಟರ್‌ನಲ್ಲೇ ಒಂದು ಮಾತು ಕಲಿಸ್ತಾರೆ: ಗೋಯಿಂಗ್ ಕನ್ಸರ್ನ್. ವ್ಯವಹಾರ ಮುಂದೆಯೂ ನಡೆಯುತ್ತೆ ಅಂತ ನಂಬಿಕೊಂಡೇ ಲೆಕ್ಕ ಬರೀಬೇಕು ಅನ್ನೋದು. ಲೀಗ್‌ನ ಪಾಯಿಂಟ್ ಪಟ್ಟಿಯೂ ಆ ನಂಬಿಕೆ ಮೇಲೇ ನಿಂತಿರೋದು. ಆದ್ರೆ ಯಾವ ಕ್ಲಬ್ ಮುಂದಿನ ವರ್ಷ ಇರುತ್ತೆ ಅಂತ ಆ ಪಟ್ಟಿ ಹೇಳಲ್ಲ.

ನೋಡಿ, ಚರ್ಚಿಲ್ ಬ್ರದರ್ಸ್ ಹಿಂದಿನ ವರ್ಷದ ಚಾಂಪಿಯನ್. ಆ ಸೀಸನ್ ಮಧ್ಯೆ, 2014ರ ಜನವರಿಯಲ್ಲಿ ಫೆಡರೇಷನ್ ಕಪ್ಪನ್ನೂ ಗೆದ್ದರು. ಅಷ್ಟಾದ್ರೂ ಲೀಗ್‌ನಲ್ಲಿ ತಳಕ್ಕೆ ಬಿದ್ದರು, ಮುಂದಿನ ಸೀಸನ್‌ನಲ್ಲಿ ಇರಲೇ ಇಲ್ಲ. ಕೋಲ್ಕತ್ತದ ಯುನೈಟೆಡ್, ಶಿಲ್ಲಾಂಗ್‌ನ ರಂಗ್ದಾಜಿಯೆಡ್ ಕೂಡ ಲೈಸೆನ್ಸ್ ಸಿಗದೆ ಹೋದವು. 2015ರಲ್ಲಿ ಪುಣೆ ಎಫ್‌ಸಿ. 2016ರಲ್ಲಿ ಡೆಂಪೊ, ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಮೂರೂ ಗೋವಾ ತಂಡಗಳು ತಾವಾಗೇ ಹೊರಗೆ. 13ರ ಪಟ್ಟಿಯನ್ನು ನೋಟ್‌ಬುಕ್‌ನಲ್ಲಿ ಬರೆದು ಒಂದೊಂದೇ ಹೊಡೆದು ಹಾಕಿದೆ. ಆ ಪುಟ ಕೊನೆಯ ಫೋಟೋ.

ಅದನ್ನ ನಮ್ಮಜ್ಜನಿಗೆ ತೋರಿಸಿದೆ. ಅಜ್ಜ ಇಲ್ಲಿನ ಒಂದು ಮಿಲ್ಲಿನಲ್ಲಿ ಇದ್ದವರು. ಫುಟ್‌ಬಾಲ್ ಗೊತ್ತಿಲ್ಲ, ಆದ್ರೆ ಹೊಡೆದು ಹಾಕಿದ ಹೆಸರುಗಳು ಅರ್ಥ ಆದವು. "ಮಗ್ಗ ಕೊನೇ ದಿನದವರೆಗೂ ಚೆನ್ನಾಗೇ ಓಡ್ತಿತ್ತು ನೋಡಪ್ಪ" ಅಂದ್ರು. ಗೇಟಿಗೆ ಬೀಗ ಬಿದ್ದದ್ದು ಮಗ್ಗ ಕೆಟ್ಟು ಅಲ್ಲ ಅಂತ. ಹರಿಹರದ ಕಡೆಯವರಿಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಿರ್ಲೋಸ್ಕರ್ ಲೇಥ್ ದೇಶಕ್ಕೆಲ್ಲ ಹೋಗ್ತಿತ್ತು, ಈಗ ಆ ಫ್ಯಾಕ್ಟರಿ ಎಲ್ಲಿದೆ?

ಬಿಎಫ್‌ಸಿ ಉಳೀತು. 2015-16ರಲ್ಲಿ ಮತ್ತೊಮ್ಮೆ ಐ-ಲೀಗ್ ಗೆದ್ದು, 2017ರಲ್ಲಿ ಐಎಸ್‌ಎಲ್‌ಗೆ ಹೋಗಿ, 2018-19ರಲ್ಲಿ ಅದನ್ನೂ ಗೆತ್ತಿತು. ಲೈಸೆನ್ಸ್, ಲೆಕ್ಕಪತ್ರ, ಯೂತ್ ತಂಡ ಎಲ್ಲ ಸರಿ ಇದ್ದ ಕ್ಲಬ್. 2025ರಲ್ಲಿ ಐಎಸ್‌ಎಲ್ ನಡೆಸೋ ಒಪ್ಪಂದವೇ ಮುಗಿಯೋ ಹಂತಕ್ಕೆ ಬಂದು ಸೀಸನ್ ತೂಗಾಡತೊಡಗಿತು. ಆ ಆಗಸ್ಟ್ ಮೊದಲ ವಾರ, ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ತಡೆಹಿಡಿದಿದ್ದೇವೆ ಅಂತ ಬೆಂಗಳೂರು ಎಫ್‌ಸಿ ಪ್ರಕಟಣೆ ಹೊರಡಿಸಿತು. ತಂಡದಲ್ಲಿ ಆಗಲೂ ಛೆಟ್ರಿ ಇದ್ದರು. ಆಗಷ್ಟೇ 41 ತುಂಬಿತ್ತು.