ಟಿ.ವಿ. ಪರದೆಯ ಅಳತೆ ಮತ್ತು ವೀಕ್ಷಣಾ ದೂರ

ವೀಕ್ಷಣಾ ದೂರ ಎಂದರೆ ಟಿ.ವಿ. ಪರದೆಗೂ ಅದನ್ನು ನೋಡುವವರ ಕಣ್ಣಿಗೂ ನಡುವಿನ ಅಂತರ. ಒಂದು ಮನೆಗೆ ಎಷ್ಟು ದೊಡ್ಡ ಪರದೆ ಸೂಕ್ತ ಎಂಬುದು ಈ ಅಂತರವನ್ನೂ ಪರದೆಯ ರೆಸಲ್ಯೂಶನ್ ಅನ್ನೂ ಅದರಲ್ಲಿ ನೋಡುವ ಚಿತ್ರದ ಗುಣಮಟ್ಟವನ್ನೂ ಅವಲಂಬಿಸಿದೆ. ಮನೆಯಲ್ಲಿ ಕುಳಿತುಕೊಳ್ಳುವ ಸ್ಥಳ ಸಾಮಾನ್ಯವಾಗಿ ಮೊದಲೇ ನಿಶ್ಚಿತವಾಗಿರುವುದರಿಂದ, ಅಂತರವನ್ನು ಅಳೆದು ಅನಂತರ ಪರದೆಯನ್ನು ಆರಿಸುವುದು ಅನುಕೂಲಕರ.

ಪರದೆಯ ಅಳತೆ

ಟಿ.ವಿ.ಯ ಗಾತ್ರವನ್ನು ಪರದೆಯ ಕರ್ಣದ ಉದ್ದದಿಂದ, ಅಂದರೆ ಒಂದು ಮೂಲೆಯಿಂದ ಎದುರು ಮೂಲೆಯವರೆಗಿನ ಅಳತೆಯಿಂದ ಸೂಚಿಸಲಾಗುತ್ತದೆ. ಇಂದಿನ ಪರದೆಗಳ ಅಗಲ ಮತ್ತು ಎತ್ತರದ ಅನುಪಾತ 16:9. ಆದ್ದರಿಂದ 43 ಇಂಚಿನ (ಸುಮಾರು 109 ಸೆಂ.ಮೀ.) ಪರದೆಯ ಅಗಲ ಸುಮಾರು 95 ಸೆಂ.ಮೀ., ಎತ್ತರ ಸುಮಾರು 54 ಸೆಂ.ಮೀ. ಇರುತ್ತದೆ. ಕರ್ಣ ಸ್ವಲ್ಪ ಹೆಚ್ಚಿದರೂ ವಿಸ್ತೀರ್ಣ ಬಹಳ ಹೆಚ್ಚುತ್ತದೆ: 55 ಇಂಚಿನ ಪರದೆಯ ವಿಸ್ತೀರ್ಣ 43 ಇಂಚಿನ ಪರದೆಗಿಂತ ಸುಮಾರು ಶೇ. 60ರಷ್ಟು ಅಧಿಕ.

ನೋಟದ ಕೋನ

ಪರದೆಯ ಎಡ ಮತ್ತು ಬಲ ಅಂಚುಗಳು ನೋಡುವವರ ಕಣ್ಣಿನಲ್ಲಿ ಉಂಟುಮಾಡುವ ಕೋನವೇ ನೋಟದ ಕೋನ. ಸಾಮಾನ್ಯ ವೀಕ್ಷಣೆಗೆ ಸುಮಾರು 30 ಡಿಗ್ರಿ, ಚಿತ್ರಮಂದಿರದಂತಹ ಅನುಭವಕ್ಕೆ ಸುಮಾರು 40 ಡಿಗ್ರಿ ಕೋನ ಸೂಕ್ತವೆಂದು ಪರಿಗಣಿಸಲಾಗುತ್ತದೆ. 16:9 ಪರದೆಯಲ್ಲಿ 30 ಡಿಗ್ರಿ ಕೋನಕ್ಕೆ ಕರ್ಣದ 1.6 ಪಟ್ಟು, 40 ಡಿಗ್ರಿ ಕೋನಕ್ಕೆ 1.2 ಪಟ್ಟು ದೂರ ಬೇಕು. ಇದರಂತೆ ದೊರೆಯುವ ಅಂತರಗಳು:

- 32 ಇಂಚು: 3.2ರಿಂದ 4.3 ಅಡಿ
- 43 ಇಂಚು: 4.3ರಿಂದ 5.7 ಅಡಿ
- 55 ಇಂಚು: 5.5ರಿಂದ 7.3 ಅಡಿ
- 65 ಇಂಚು: 6.5ರಿಂದ 8.7 ಅಡಿ

ಅಂತರ ಗೊತ್ತಿದ್ದರೆ ಅದನ್ನು ಇಂಚಿಗೆ ಪರಿವರ್ತಿಸಿ 1.6ರಿಂದ ಭಾಗಿಸಬೇಕು. ಉದಾಹರಣೆಗೆ, 6 ಅಡಿ ಎಂದರೆ 72 ಇಂಚು, ಭಾಗಲಬ್ಧ 45. ಅಲ್ಲಿಗೆ 43 ಇಂಚಿನ ಪರದೆ ಹೊಂದುತ್ತದೆ.

ರೆಸಲ್ಯೂಶನ್‌ನ ಪಾತ್ರ

ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೆಯ ಒಂದು ಭಾಗದಷ್ಟು ಸೂಕ್ಷ್ಮ ವಿವರವನ್ನು ಗುರುತಿಸಬಲ್ಲದು. ಈ ಲೆಕ್ಕದಲ್ಲಿ ಚಿತ್ರಬಿಂದುಗಳು ಬಿಡಿಬಿಡಿಯಾಗಿ ಕಾಣದಿರಲು ಫುಲ್ ಎಚ್‌ಡಿ ಪರದೆಯಿಂದ ಕರ್ಣದ 1.6 ಪಟ್ಟು, 4ಕೆ ಪರದೆಯಿಂದ 0.8 ಪಟ್ಟು ದೂರ ಸಾಕು. 55 ಇಂಚಿನ ಟಿ.ವಿ.ಯನ್ನು 10 ಅಡಿ ದೂರದಿಂದ ನೋಡುವವರಿಗೆ ಈ ಎರಡರ ನಡುವೆ ವಿವರಗಳ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುವುದಿಲ್ಲ.

ಚಿತ್ರಕೊಳವೆಯ ಕಾಲದಲ್ಲಿ ಭಾರತದಲ್ಲಿ ಬಳಕೆಯಲ್ಲಿದ್ದ 625 ರೇಖೆಗಳ ಪದ್ಧತಿಯಲ್ಲಿ ಚಿತ್ರಕ್ಕೆ ದೊರೆಯುತ್ತಿದ್ದುದು 576 ರೇಖೆಗಳು ಮಾತ್ರ. ಆಗ ಕರ್ಣದ ಮೂರೂವರೆ ಪಟ್ಟು ದೂರ ಅಗತ್ಯವಾಗಿತ್ತು. ಆ ಕಾಲದ ಲೆಕ್ಕ ಇಂದಿನ ಪರದೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಎಸ್‌ಡಿ ವಾಹಿನಿಗಳ ಚಿತ್ರ ದೊಡ್ಡ 4ಕೆ ಪರದೆಯಲ್ಲಿ ಹತ್ತಿರದಿಂದ ಮಸುಕಾಗಿಯೇ ಕಾಣುತ್ತದೆ. ಹೆಚ್ಚಾಗಿ ಅಂತಹ ವಾಹಿನಿಗಳನ್ನೇ ನೋಡುವ ಮನೆಗೆ ಚಿಕ್ಕ ಪರದೆ ಅಥವಾ ಹೆಚ್ಚಿನ ದೂರ ಮೇಲು.

ಎತ್ತರ ಮತ್ತು ಸ್ಥಾನ

ಪರದೆಯ ಮಧ್ಯಭಾಗ ಕುಳಿತವರ ಕಣ್ಣಿನ ಮಟ್ಟದಲ್ಲಿ, ಅಂದರೆ ಸಾಮಾನ್ಯ ಸೋಫಾದ ಮೇಲೆ ಕುಳಿತಾಗ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಇರುವುದು ಉತ್ತಮ. ನೆಲದ ಮೇಲೆ ಕುಳಿತು ನೋಡುವ ರೂಢಿಯಿದ್ದರೆ ಇನ್ನೂ ತಗ್ಗಿಸಬೇಕು. ಬಹಳ ಎತ್ತರದಲ್ಲಿ ಅಳವಡಿಸಿದರೆ ಕತ್ತು ನೋಯುತ್ತದೆ. ಕಿಟಕಿಯ ಬೆಳಕು ಪರದೆಯ ಮೇಲೆ ನೇರವಾಗಿ ಪ್ರತಿಫಲಿಸದಂತೆಯೂ ನೋಡಿಕೊಳ್ಳಬೇಕು.

ಕಣ್ಣಿನ ಆರೋಗ್ಯ

ಹತ್ತಿರದಿಂದ ಟಿ.ವಿ. ನೋಡಿದರೆ ಕಣ್ಣು ಹಾಳಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹಾಗೆ ನೋಡುವುದರಿಂದ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ ಎನ್ನಲು ಆಧಾರವಿಲ್ಲ. ಆದರೆ ಎವೆ ಮಿಟುಕಿಸದೆ ದೀರ್ಘಕಾಲ ನೋಡಿದರೆ ಕಣ್ಣು ಒಣಗುವುದು, ಆಯಾಸ ಮತ್ತು ತಲೆನೋವು ಉಂಟಾಗಬಹುದು. ಕತ್ತಲೆ ಕೋಣೆಗಿಂತ ಮಂದ ಬೆಳಕಿರುವ ಕೋಣೆ ಕಣ್ಣಿಗೆ ಹಿತಕರ.

ಮಗುವೊಂದು ಪದೇಪದೇ ಪರದೆಯ ಸಮೀಪಕ್ಕೇ ಹೋಗಿ ಕುಳಿತರೆ ಅದು ಕೇವಲ ಅಭ್ಯಾಸವಿರಬಹುದು. ದೂರದ ವಸ್ತುಗಳು ಸ್ಪಷ್ಟವಾಗಿ ಕಾಣದ ಸಮೀಪದೃಷ್ಟಿ ದೋಷದ ಲಕ್ಷಣವೂ ಆಗಿರಬಹುದು. ಅಂತಹ ಮಗುವಿಗೆ ತರಗತಿಯಲ್ಲಿ ಕಪ್ಪುಹಲಗೆಯ ಬರಹವೂ ಕಾಣಿಸದಿರುವ ಸಾಧ್ಯತೆಯಿದೆ. ಆದ್ದರಿಂದ ಗದರಿಸಿ ದೂರ ಕೂರಿಸುವುದಷ್ಟೇ ಸಾಲದು, ಕಣ್ಣಿನ ಪರೀಕ್ಷೆ ಮಾಡಿಸುವುದು ಅವಶ್ಯಕ.