ಮಧುವರ್ಜಿತ ಮಧುರಾನ್ನ: ಸೂಪಶಾಸ್ತ್ರದ ಭಕ್ಷ್ಯಗಳೂ ದಾಸನಕೊಪ್ಪ ಸೀಮೆಯ ತೊಡೆದೇವೂ

ಭಾರತೀಯ ಭೋಜನ ಪರಂಪರೆಯಲ್ಲಿ ಭಕ್ಷ್ಯಕ್ಕೆ ಇರುವ ಸ್ಥಾನ ಕೇವಲ ನಾಲಿಗೆಯ ಚಾಪಲ್ಯದಿಂದ ಬಂದುದಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹೀಗಾಗಿ ಜೈನಗೃಹದ ಮಧುರಾನ್ನವು ಜೇನನ್ನು ಬಿಟ್ಟು ಕಬ್ಬು, ಹಾಲು, ತುಪ್ಪಗಳನ್ನು ಆಶ್ರಯಿಸಿತು. ಅಷ್ಟವಿಧಾರ್ಚನೆಯಲ್ಲಿ ಚರುವನ್ನು ಅರ್ಪಿಸುವುದು ಕ್ಷುಧಾರೋಗದ ವಿನಾಶಕ್ಕಾಗಿ. ಹಸಿವನ್ನು ಗೆದ್ದವನ ಮುಂದೆ ಭಕ್ಷ್ಯವನ್ನಿಡುವಲ್ಲಿ ಭೋಗಕ್ಕಿಂತ ತ್ಯಾಗದ ಭಾವನೆಯೇ ಪ್ರಧಾನವಾದುದು.

ಈ ಪರಂಪರೆಯ ಲಿಖಿತ ಸಾಕ್ಷ್ಯಗಳು ಕನ್ನಡನಾಡಿನಲ್ಲಿ ವಿಪುಲವಾಗಿವೆ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವಿಷಯಕ್ಕೆ ಸ್ಥಾನವುಂಟು. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವು ಗೋದಿಹಿಟ್ಟಿನ ಮಂಡಕವನ್ನು ಕಾದ ಖರ್ಪರದ ಮೇಲೆ ಬೇಯಿಸುವ ಕ್ರಮವನ್ನು ವಿವರಿಸುತ್ತದೆ. 16ನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಜೈನಕವಿ ಮೂರನೆಯ ಮಂಗರಸನು ಶಾಕಾಹಾರದ ಪಾಕಗಳನ್ನೇ ವಾರ್ಧಕ ಷಟ್ಪದಿಯಲ್ಲಿ ಅಳವಡಿಸಿ ‘ಸೂಪಶಾಸ್ತ್ರ’ವನ್ನು ರಚಿಸಿದನು, ಹಿಟ್ಟಿನ ಭಕ್ಷ್ಯಗಳಿಗೆ ಅದರಲ್ಲಿ ‘ಪಿಷ್ಟಪಾಕ’ವೆಂಬ ಪ್ರತ್ಯೇಕ ಅಧ್ಯಾಯವೇ ಮೀಸಲಾಗಿದೆ.

ಇಂಥ ಗ್ರಂಥಗಳ ಸಂಪಾದಕನಿಗೆ ಎದುರಾಗುವ ತೊಡಕು ಭಕ್ಷ್ಯನಾಮಗಳದು. ಹಳೆಯ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಸಾಮಾನ್ಯವಾಗಿ ಭೇದಿಸಿ ಬರೆಯುತ್ತಿರಲಿಲ್ಲ. ಪದ್ಯದಲ್ಲಾದರೆ ಮಾತ್ರಾಗಣವು ಸ್ವರದ ಉದ್ದವನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ. ಆದರೆ ಅರ್ಥವನ್ನು ನಿರ್ಣಯಿಸುವುದಿಲ್ಲ. ಅದಕ್ಕೆ ಬಳಕೆಯೇ ಪ್ರಮಾಣ.

ಶಿರಸಿ ತಾಲೂಕಿನ ದಾಸನಕೊಪ್ಪ, ಬನವಾಸಿ, ಸೋಂದಾ ಮೊದಲಾದ ಊರುಗಳನ್ನೊಳಗೊಂಡ ಸೀಮೆಯ ತೊಡೆದೇವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಆಲೆಮನೆಯ ಕಾಲದಲ್ಲಿ, ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕದಡುತ್ತಾರೆ. ಒಲೆಯ ಮೇಲೆ ಬೋರಲಾಗಿಟ್ಟ ಗಡಿಗೆಯ ಬೆನ್ನಿಗೆ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಬಳಿಯುತ್ತಾರೆ. ಪೊರೆಯಂತೆ ಬೆಂದುದನ್ನು ಬಿಸಿಯಿರುವಾಗಲೇ ಬಿಡಿಸಿ ಮಡಿಸಬೇಕು. ತಣಿದ ಮೇಲೆ ಗರಿಗರಿಯಾಗಿ ಮುರಿಯುತ್ತದೆ. ‘ತೊಡೆ’ ಎಂಬುದಕ್ಕೆ ಬಳಿ, ಲೇಪಿಸು ಎಂಬ ಹಳಗನ್ನಡದ ಅರ್ಥ ಇಲ್ಲಿ ಒಲೆಯ ಮುಂದೆಯೇ ಪ್ರತ್ಯಕ್ಷವಾಗುತ್ತದೆ. ಈ ಕ್ರಿಯೆಯನ್ನರಿಯದವನು ಓಲೆಯ ಅಕ್ಷರವನ್ನು ದೀರ್ಘವಾಗಿ ಓದಿ ‘ತೋಡು’ ಧಾತುವನ್ನು ಕಲ್ಪಿಸಿದರೆ ಆಶ್ಚರ್ಯವಿಲ್ಲ.

ಕಾದ ಮೃತ್ಪಾತ್ರೆಯ ಬಳಕೆಯಿಂದ ಮಂಡಕಕ್ಕೂ ತೊಡೆದೇವಿಗೂ ಸಾಮ್ಯ ತೋರುವುದು ನಿಜ. ಆದರೆ ಒಂದು ಗೋದಿಯದು, ಇನ್ನೊಂದು ಅಕ್ಕಿಯದು. ಒಂದು ನಾದಿದ ಕಣಕ, ಇನ್ನೊಂದು ನೀರಾದ ಹಿಟ್ಟು. ಉಪಕರಣದ ಸಾಮ್ಯದಿಂದ ವಸ್ತುವಿನ ಐಕ್ಯವನ್ನು ಸಾಧಿಸುವುದು ಯುಕ್ತವಲ್ಲ. ‘ಪೂರಣ’ವು ‘ಹೂರಣ’ವಾದಲ್ಲಿ ಶಬ್ದದ ಸಂತತಿ ಸ್ಪಷ್ಟವಿದೆ; ಅಂಥ ಆಧಾರವಿರುವಲ್ಲಿ ಮಾತ್ರ ಸಂಬಂಧವನ್ನು ಹೇಳಬೇಕು.

ಓಲೆಯನ್ನು ಎಣ್ಣೆ ಹಚ್ಚಿ ಕಾಪಾಡಬಹುದು. ಅದರಲ್ಲಿರುವ ಶಬ್ದದ ಅರ್ಥವನ್ನು ಕಾಪಾಡಿಕೊಂಡಿರುವವರು ಗಡಿಗೆಯನ್ನು ಬೋರಲಿಡಬಲ್ಲ ಗೃಹಿಣಿಯರು. ಪಾಕಗ್ರಂಥಗಳ ಶಬ್ದಕೋಶವನ್ನು ಸಿದ್ಧಪಡಿಸುವವರು ಭಂಡಾರಗಳೊಡನೆ ಇಂಥ ಊರುಗಳ ಅಡಿಗೆಮನೆಗಳನ್ನೂ ಆಕರಗಳೆಂದು ಪರಿಗಣಿಸುವುದು ಅವಶ್ಯ. ಆ ಕೈಗಳ ಬಳಕೆ ತಪ್ಪಿದ ಮೇಲೆ ಶುದ್ಧಪಾಠ ದೊರೆತರೂ ಅದರ ತಾತ್ಪರ್ಯ ದೊರೆಯಲಾರದು.