ಓಲೆ ಹೊತ್ತವನ ಹೆಸರೇನು?

ಉಕ್ಕಡಗಾತ್ರಿಯಲ್ಲಿ ದೆವ್ವಕ್ಕೂ ಹೆಸರು ಕೇಳುತ್ತಾರೆ. ಅಮಾವಾಸ್ಯೆ ದಿನ ತುಂಗಭದ್ರೆಯಲ್ಲಿ ಮುಳುಗೆದ್ದು, ಒದ್ದೆ ಮೈಯಲ್ಲೇ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಕಡೆ ಬರುವ ಜನರಲ್ಲಿ ಮೈಮೇಲೆ ಬಂದದ್ದು ಯಾರು, ಯಾವೂರು, ಯಾತಕ್ಕೆ ಬಂತು ಅಂತ ಕೇಳದೆ ಬಿಡುವುದಿಲ್ಲ. ಸತ್ತವರಿಗೂ ಹೆಸರು, ಊರು ಇರಲೇಬೇಕು. ಇದೇ ಹೊಳೆಸಾಲಿನ ಕೇರಿಗಳಲ್ಲಿ ಹುಟ್ಟಿ, ಊರ ಚಾಕರಿ ಮಾಡಿ ಸತ್ತ ನಮ್ಮ ಹಿರೀಕರ ಹೆಸರನ್ನು ಮಾತ್ರ ಸರ್ಕಾರದ ದಫ್ತರ ಕೇಳಿದ್ದು ಅಪರೂಪ.

ನಮ್ಮ ಮನೆಗಳಲ್ಲಿ ಅಜ್ಜಿಯಂದಿರ ಬಾಯಿಂದ ಒಂದು ಮಾತು ಉಳಿದು ಬಂದಿದೆ. 'ನಮ್ಮ ಹಿರೀಕ ಒಬ್ಬಾವ ಕೂಟದ ಓಲೆ ಹೊತ್ಕಂಡು ಹೋದಾವ ತಿರುಗಿ ಬರ್ಲೇ ಇಲ್ಲ.' ಅಷ್ಟೇ. ಹಿಂದಿಲ್ಲ, ಮುಂದಿಲ್ಲ. ಯಾವ ಕೂಟ? ಯಾರ ಓಲೆ? ಕೇಳಿದರೆ 'ಅದೇ ಕಣಪ್ಪಾ, ದೊರೆಗಳ ಕಾಲ' ಅಂತಾರೆ. ನಾವು ಕೆಲವರು ಈ ಒಂದು ಮಾತಿನ ಬೆನ್ನು ಹತ್ತಿ ಓದಿದ್ದು, ಕೇಳಿದ್ದು ಇಲ್ಲಿದೆ.

ಕೂಟ ಅಂದರೆ ನಮ್ಮ ಸೀಮೆಯ ಚರಿತ್ರೆಯಲ್ಲಿ ನೆನಪಾಗುವುದು 1830ರ ನಗರ ದಂಗೆ. ಟಿಪ್ಪು ಸತ್ತ ಮೇಲೆ 1799ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದರು. ಆಮೇಲೆ ಬಂದದ್ದು ಶರತ್ತಿನ ಪದ್ಧತಿ. ಇಷ್ಟು ಹಣ ವಸೂಲು ಮಾಡಿ ಕೊಡುತ್ತೇನೆ ಅಂತ ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಅವನೇನು ತನ್ನ ಮನೆಯಿಂದ ತರುತ್ತಾನೆಯೇ? ರೈತನ ಕಣದಿಂದ ಬಾಚುತ್ತಾನೆ. ನಗರ ಫೌಜದಾರಿಯಲ್ಲಿ ಹಳೆಯ ಅಧಿಕಾರಿಗಳು ಕೊಟ್ಟಿದ್ದ ರಿಯಾಯಿತಿಗಳನ್ನು ಹೊಸ ಫೌಜದಾರ ಮತ್ತೆ ಕೆದಕಿದ, ಬಿಟ್ಟ ಬಾಕಿ ಮತ್ತೆ ಕೇಳಿದ. 1830ರ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ಗೌಡರೂ ರೈತರೂ ಕೂಟ ಸೇರಿದರು. ಇಂದು ಬಸವಾಪಟ್ಟಣ ಚನ್ನಗಿರಿ ತಾಲ್ಲೂಕಿನಲ್ಲಿದೆ, ದಾವಣಗೆರೆ ಜಿಲ್ಲೆಯಲ್ಲೇ. ಊರಿಂದೂರಿಗೆ ಕರೆ ಹೋಯಿತು. ಕಂದಾಯ ಕೊಡುವುದು ನಿಂತಿತು.

ಇಲ್ಲಿಗೆ ಬಂದು ಸೇರುತ್ತಾನೆ ಒಬ್ಬ ವಿಚಿತ್ರ ಮನುಷ್ಯ. ಹುಟ್ಟಿದಾಗ ಅವನ ಹೆಸರು ಸಾದರ ಮಲ್ಲ. ದಂಗೆಯಲ್ಲಿ ಅವನ ಹೆಸರು ಬೂದಿ ಬಸವಪ್ಪ ನಾಯಕ, 'ನಗರ ಖಾವಂದ', ಅಂದರೆ ನಗರದ ಒಡೆಯ. ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಹೇಳುವ ಪ್ರಕಾರ ಒಕ್ಕಲು ಮನೆಯ ಈ ಮಲ್ಲ ಕಳ್ಳರ ಗುಂಪಿನಲ್ಲಿ ತಿರುಗಿದವನು, ಜೈಲು ಕಂಡವನು. ಎಲ್ಲೋ ಒಬ್ಬ ಜಂಗಮನ ಕೈಯಿಂದ ಕೆಳದಿ ಅರಸರ ಮುದ್ರೆಗಳು ಅವನಿಗೆ ಸಿಕ್ಕವು. ಮುದ್ರೆ ಕೈಗೆ ಬಂದದ್ದೇ ವಂಶವೂ ಬಂತು. ಕೆಳದಿ ನಾಯಕರ ಕುಡಿ ಅನ್ನಿಸಿಕೊಂಡ. ಈ ಕಥೆ ಬರೆದವರು ಅವನನ್ನು ಸೋಲಿಸಿದವರ ಕಡೆಯವರು. ಕಳ್ಳ ಅನ್ನುವ ಮಾತನ್ನು ಆ ಎಚ್ಚರದಿಂದಲೇ ಓದಬೇಕು. ಆದರೆ ಮುದ್ರೆಯ ಮಾತು ಬಹಳ ದೊಡ್ಡದು. ಎಲ್ಲರೂ ತಮ್ಮ ಪೂರ್ವಜರನ್ನು ಹುಡುಕುತ್ತಾರೆ, ಇವನಿಗೆ ಪೂರ್ವಜರು ಚೀಲದಲ್ಲಿ ಸಿಕ್ಕರು.

ಇದು ಮೊದಲ ಸಲವೂ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರಿಗೆ ನುಗ್ಗಿದಾಗ ಅವನ ಜೊತೆಯಲ್ಲಿ ಇದ್ದವನು 'ನಾನೇ ಚನ್ನಬಸಪ್ಪ ನಾಯಕ' ಅಂತ ಹೇಳಿಕೊಂಡು ಬಂದವನು. ರಾಣಿ ವೀರಮ್ಮಾಜಿ ಕೊಲ್ಲಿಸಿದಳು ಅಂತ ಜನ ನಂಬಿದ್ದ ಹುಡುಗ ಬದುಕಿ ಬಂದನಂತೆ. ಹೈದರನಿಗೆ ಕೋಟೆ ಸಿಗುವ ತನಕ ಅವನು ರಾಜ. ಕೋಟೆ ಸಿಕ್ಕ ಮೇಲೆ ರಾಣಿಯೂ ಸೆರೆ, ಈ ರಾಜನೂ ಸೆರೆ. ಅದೇ ಬಿದನೂರಿಗೆ ಹೈದರ್‌ನಗರ ಅಂತ ಹೆಸರಾಗಿ, ಆಮೇಲೆ ಬರೀ ನಗರ ಆಯಿತು.

ಸುತ್ತಲೂ ನೋಡಿ. 1830ರಲ್ಲೇ ಹೊಳೆಯಾಚೆ, ಕಿತ್ತೂರು ಸೀಮೆಯಲ್ಲಿ ಸಂಗೊಳ್ಳಿ ರಾಯಣ್ಣ ಹೋರಾಡುತ್ತಿದ್ದಾನೆ. ಹೋರಾಟ ರಾಯಣ್ಣನದು, ಹೆಸರು ದತ್ತುಮಗ ಶಿವಲಿಂಗಪ್ಪನದು. 1831ರ ಜನವರಿಯಲ್ಲಿ ನಂದಗಡದಲ್ಲಿ ನೇಣಿಗೆ ಹೋದವನು ಮಾತ್ರ ರಾಯಣ್ಣ. 1834ರಲ್ಲಿ ಕೊಡಗನ್ನು ಇಂಗ್ಲಿಷರು ನುಂಗಿದರು. 1837ರಲ್ಲಿ ಸುಳ್ಯದ ಕಡೆ ರೈತರು ಎದ್ದಾಗ ಪುಟ್ಟಬಸಪ್ಪ ಎಂಬ ಸಾಮಾನ್ಯನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಅಂತ ನಿಲ್ಲಿಸಬೇಕಾಯಿತು. ಜನ ತಮ್ಮ ಹಸಿವಿನ ಹೆಸರಿನಲ್ಲಿ ಎದ್ದರೆ ಅದು ಪುಂಡಾಟ. ಸತ್ತ ರಾಜನ ಹೆಸರಿನಲ್ಲಿ ಎದ್ದರೆ ಮಾತ್ರ ನ್ಯಾಯ. ಕೇಳುವ ದೊರೆಗಳಿಗೂ ಹಾಗೆ, ಏಳುವ ಗೌಡರಿಗೂ ಹಾಗೆ. ಪಾಳೆಯಗಾರಿ ನಮ್ಮ ತಲೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಇದರಲ್ಲೇ ಕಾಣುತ್ತದೆ.

ಆದರೆ ಬೂದಿ ಬಸವಪ್ಪ ಕೊಟ್ಟ ಮಾತು ಏನು ಗೊತ್ತೇ? ಹಳೆಯ ಬಾಕಿ ಪೂರ್ತಿ ಮಾಫಿ. ಇನ್ನು ಮುಂದೆ ಒಂದು ವರಹ ಕೊಡುತ್ತಿದ್ದ ಕಡೆ ಒಂದೇ ರೂಪಾಯಿ ಕಂದಾಯ. ಆಗ ವರಹಕ್ಕೆ ಮೂರು ರೂಪಾಯಿ ಆಸುಪಾಸು. ಅಂದರೆ ಮೂರರಲ್ಲಿ ಎರಡು ಪಾಲು ಬಿಟ್ಟಂತೆ. ಮುದ್ರೆ ಸುಳ್ಳಿರಬಹುದು, ಈ ಲೆಕ್ಕ ಸುಳ್ಳಲ್ಲ. ರೈತ ಮುದ್ರೆ ನೋಡಿ ಬಂದನೋ, ರೂಪಾಯಿ ನೋಡಿ ಬಂದನೋ? ನಮಗಂತೂ ಅನುಮಾನವಿಲ್ಲ.

ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಸೇರಿಕೊಂಡ. ಅರಸರ ದಂಡಿನಿಂದ ಆಗದೆ ಹೋದಾಗ ಇಂಗ್ಲಿಷ್ ದಂಡು ಬಂತು. 1831ರ ಜೂನಿನಲ್ಲಿ ನಗರದ ಕೋಟೆ ಅವರ ಕೈಗೆ ಬಿತ್ತು. ಅದೇ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಮೈಸೂರಿನ ಆಡಳಿತವನ್ನೇ ಅರಸರಿಂದ ಕಿತ್ತುಕೊಂಡ. ಅದು ವಾಪಸು ಬಂದದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ. ದಂಗೆ ಯಾಕಾಯಿತು ಅಂತ ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ಕೂತಿತು, 1833ರಲ್ಲಿ ವರದಿ ಕೊಟ್ಟಿತು. ವಿಚಾರಣೆಗೆ ಕೂತ ಕಬ್ಬನ್ನನೇ ಮುಂದಿನ ವರ್ಷ ಮೈಸೂರಿನ ಕಮಿಷನರ್ ಆದ, 1861ರ ತನಕ ಆಳಿದ. ಬೆಂಗಳೂರಿನ ಪಾರ್ಕಿಗೆ ಅವನ ಹೆಸರಿದೆ.

ಇದನ್ನು ಪಿತೂರಿ ಅಂದವರುಂಟು. ಅಧಿಕಾರ ಕಳಕೊಂಡ ಹಳೆಯ ಫೌಜದಾರರ ಕಡೆಯವರೇ ಒಳಗಿಂದೊಳಗೆ ಗಾಳಿ ಹಾಕಿದರು ಅನ್ನುವ ಗುಮಾನಿ ಆಗಲೇ ಇತ್ತು. ಇದ್ದರೂ ಇರಬಹುದು. ಮೇಲಿನವರ ಜಗಳದಲ್ಲಿ ಕೆಳಗಿನವರನ್ನು ಉರಿಸುವುದು ಹೊಸದೇನಲ್ಲ. ಆದರೆ ಒಣಗಿದ ಹುಲ್ಲು ಇಲ್ಲದೆ ಗಾಳಿ ಹಾಕಿ ಏನು ಪ್ರಯೋಜನ? ಪಿತೂರಿ ಅನ್ನುವ ಮಾತಿನಲ್ಲಿ ಒಂದು ಅನುಕೂಲವಿದೆ: ನಾಲ್ಕು ಜನರ ಹೆಸರು ಹೇಳಿದರೆ ಸಾಕು, ನಾಲ್ಕು ಸಾವಿರ ಜನರ ಹೊಟ್ಟೆಯ ಮಾತು ಎತ್ತಬೇಕಿಲ್ಲ. ಬರ್ಟನ್ ಸ್ಟೈನ್ ಎಂಬ ಇತಿಹಾಸಕಾರ 1985ರಲ್ಲಿ ಇದನ್ನು ರೈತ ಬಂಡಾಯದ ಪ್ರಶ್ನೆಯಾಗಿ ಎತ್ತಿಕೊಂಡು ಬರೆದ. ಒಳ್ಳೆಯದೇ. ನಮ್ಮ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಕೆಳಗಿನದು. ಕೂಟ ಸೇರಿದವರು ಗೌಡರು, ಒಕ್ಕಲಿನವರು. ಅವರ ಹೊಲದಲ್ಲಿ ಜೀತ ಮಾಡುತ್ತಿದ್ದವರು ಎಲ್ಲಿದ್ದರು?

ಇಲ್ಲೇ ನಮ್ಮ ಹಿರೀಕನ ಜಾಡು ಸಿಗುವುದು. ಬಸವಾಪಟ್ಟಣದ ಕರೆ ಊರೂರಿಗೆ ತಾನಾಗಿ ನಡೆದು ಹೋಗಲಿಲ್ಲ. ಓಲೆ ಒಯ್ಯುವುದು, ಕಂದಾಯದ ಗಂಟು ಹೊರುವುದು, ಸಾವಿನ ಸುದ್ದಿ ಮುಟ್ಟಿಸುವುದು, ಅಧಿಕಾರಿ ಬಂದರೆ ಮುಂದೆ ಓಡುವುದು ತೋಟಿಯ, ತಳವಾರನ ಚಾಕರಿ. ಹರಿಹರದ ಸೇತುವೆ ಆದದ್ದು 1868ರಲ್ಲಿ. ಅದಕ್ಕೆ ಮೊದಲು ಹೊಳೆ ದಾಟಬೇಕಾದರೆ ಹರಿಗೋಲು, ಇಲ್ಲವೆ ಬೇಸಿಗೆಯಲ್ಲಿ ಕಾಲ್ದಾರಿ. 1800ರ ಜೂನಿನಲ್ಲಿ ಚನ್ನಗಿರಿಯ ಧೋಂಡಿಯಾ ವಾಘನ ಬೆನ್ನು ಹತ್ತಿದ ವೆಲ್ಲೆಸ್ಲಿಯ ದಂಡು ಇದೇ ಹರಿಹರದಲ್ಲಿ ಹೊಳೆ ದಾಟಿತ್ತು. ಉಕ್ಕಡ ಅಂದರೇ ಕಾವಲು, ಚೌಕಿ. ಚೌಕಿ ಕಣ್ಣು ತಪ್ಪಿಸಿ ಓಲೆ ಒಯ್ದವನ ಕಾಲು ನಮ್ಮವರದೇ ಆಗಿರಬೇಕು ಅನ್ನುವುದು ನಮ್ಮ ಊಹೆ. ಊಹೆ ಅಂತಲೇ ಹೇಳುತ್ತೇವೆ. ಆದರೆ ಆ ಕೆಲಸ ಯಾವ ಕೇರಿಯದ್ದು ಅನ್ನುವುದು ಊಹೆಯಲ್ಲ. ಸಿಕ್ಕಿಬಿದ್ದರೆ ಓಲೆ ಬರೆದವನು 'ನನ್ನದಲ್ಲ' ಅನ್ನಬಹುದು. ಹೊತ್ತವನು ಏನು ಅನ್ನಬೇಕು?

ಇನ್ನೊಂದು ಸಂಗತಿ ನೋಡಿ. 1873ರ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಮೆಕೆಂಜಿ ಎಂಬ ಅಧಿಕಾರಿ ಮೈಸೂರು ಸೀಮೆಯ ಕುಳುವಾಡಿಯ ಬಗ್ಗೆ ಬರೆದಿದ್ದಾನೆ. ಎರಡು ಊರಿಗೆ ಎಲ್ಲೆಯ ಜಗಳ ಬಂದರೆ ತೀರ್ಮಾನ ಹೇಳುವವನು ಹೊಲೆಯರ ಕುಳುವಾಡಿ. ಊರ ಮಣ್ಣನ್ನು ನೀರಲ್ಲಿ ಕಲಸಿ ಉಂಡೆ ಮಾಡಿ ಅವನ ಕೈಗೆ ಕೊಡುತ್ತಾರೆ. ಅದನ್ನು ಹಿಡಿದು ಅವನು ಎಲ್ಲೆಯ ಮೇಲೆ ನಡೆಯಬೇಕು. ದಾರಿ ತಪ್ಪಿದರೆ ಉಂಡೆ ಒಡೆಯುತ್ತದೆ ಅಂತ ನಂಬಿಕೆ. ಊರು ಎಲ್ಲಿಂದ ಎಲ್ಲಿವರೆಗೆ ಅಂತ ಹೇಳುವ ಹಕ್ಕು ಅವನದು. ಊರೊಳಗೆ ಕಾಲಿಡುವ ಹಕ್ಕು ಇಲ್ಲ! ಹೊಲಮನೆ ಇದ್ದವರ ಅಂಗಳದಲ್ಲಿ ಹೆಳವರು ಎತ್ತಿನ ಮೇಲೆ ಕೂತು ಏಳು ತಲೆಮಾರು ಹೇಳುತ್ತಿದ್ದರು. ಎಲ್ಲೆ ನಡೆದವನ ಮೂರನೆಯ ತಲೆಮಾರೇ ಅವನ ಮಕ್ಕಳಿಗೆ ತಿಳಿಯದು.

ಈ ಹುಡುಕಾಟ ಬರೀ ಹೆಮ್ಮೆಯ ಮಾತಲ್ಲ ಗೆಳೆಯರೇ. 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ತೋಟಿ, ತಳವಾರರ ಇನಾಂ ಜಮೀನು ಅದನ್ನು ಅನುಭವಿಸುತ್ತಿದ್ದ ಮನೆತನಕ್ಕೇ ಮರುಮಂಜೂರಾಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು, ಅರ್ಜಿ ಬೇಕು, ಹಣ ಕಟ್ಟಬೇಕು. ಗೌಡ, ಶಾನುಭೋಗರ ಮನೆಯಲ್ಲಿ ಕಾಗದವಿತ್ತು. ನಮ್ಮವರ ಹತ್ತಿರ ಇದ್ದದ್ದು ನೆನಪು. ನೆನಪಿಗೆ ಸ್ಟ್ಯಾಂಪು ಹತ್ತುವುದಿಲ್ಲ. ಎಷ್ಟೋ ಕಡೆ ಅಜ್ಜನ ಹೆಸರು ರುಜುವಾತಾಗದೆ ಹೊಲ ಬೇರೆಯವರ ಪಾಲಾಯಿತು. 1978ರಲ್ಲಿ ಪರಿಶಿಷ್ಟರ ಮಂಜೂರಾತಿ ಜಮೀನು ಪರಭಾರೆ ಆಗದಂತೆ ಕಾಯಿದೆ ಬಂದ ಮೇಲೂ ಮೊದಲ ಪ್ರಶ್ನೆ ಅದೇ: ಇದು ನಿಮ್ಮ ಹಿರಿಯರಿಗೆ ಸಿಕ್ಕ ಜಮೀನು ಅನ್ನುವುದಕ್ಕೆ ದಾಖಲೆ ಎಲ್ಲಿ?

ಈಗ ನಮ್ಮಲ್ಲೇ ಕೆಲವು ಹುಡುಗರು ಹೇಳುತ್ತಾರೆ, ಆ ಹಿರೀಕ ಬರೀ ತೋಟಿ ಆಗಿರಲಿಕ್ಕಿಲ್ಲ, ಬೂದಿ ಬಸವಪ್ಪನ ದಂಡನಾಯಕನೇ ಇರಬೇಕು, ಹಾಗಂತ ಬರೆದು ಒಂದು ಕಟೌಟು ನಿಲ್ಲಿಸೋಣ ಅಂತ. ಅವರ ಉರಿ ನಮಗೆ ಅರ್ಥವಾಗುತ್ತದೆ. ಚಿತ್ರದುರ್ಗದ ಓಬವ್ವನನ್ನು ನೋಡಿ ಅಂತಾರೆ. ಓಬವ್ವನ ಕಥೆಯ ಬಲ ಇರುವುದೇ ಅವಳು ಕಾವಲುಗಾರನ ಹೆಂಡತಿ, ಕೈಯಲ್ಲಿದ್ದದ್ದು ಒನಕೆ ಅನ್ನುವುದರಲ್ಲಿ. ಅವಳನ್ನು ರಾಣಿ ಮಾಡಿದರೆ ಒನಕೆ ಕಿತ್ತುಕೊಂಡ ಹಾಗೆ. ಸಾದರ ಮಲ್ಲನಿಗೆ ಮುದ್ರೆ ಬೇಕಾಗಿತ್ತು, ಅವನ ಕಾಲ ಹಾಗಿತ್ತು. ನಮಗೆ ಯಾಕೆ ಬೇಕು?

ನಾವು ಸದ್ಯ ಮಾಡುತ್ತಿರುವುದು ಇಷ್ಟು. ಹೊಳೆಸಾಲಿನ ಊರುಗಳಲ್ಲಿ ತೋಟಿ ಮಾನ್ಯ, ತಳವಾರರ ಹೊಲ, ಕುಳುವಾಡಿ ಕಟ್ಟೆ ಅಂತ ಜನರ ಬಾಯಲ್ಲಿ ಉಳಿದ ಜಾಗಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೇವೆ. ಅವುಗಳ ಸರ್ವೆ ನಂಬರು ಹಿಡಿದು ತಾಲ್ಲೂಕು ಕಚೇರಿಯ ಹಳೆಯ ಇನಾಂ ಪುಸ್ತಕದೊಂದಿಗೆ ತಾಳೆ ನೋಡುತ್ತಿದ್ದೇವೆ. ಹೊನ್ನಾಳಿ, ಚನ್ನಗಿರಿ, ಹರಿಹರದ ಹಳ್ಳಿ ಶಾಲೆಗಳಲ್ಲಿರುವ ಮೇಷ್ಟ್ರುಗಳು ತಮ್ಮ ಊರಿನ ಕೇರಿಯ ಮುದುಕಿಯರನ್ನು ಕೇಳಿ, ಅವರು ಹೇಳಿದ ಹಾಗೇ, ತಿದ್ದದೆ, ಬರೆದು ಕಳಿಸಬೇಕು. ಹೆಸರು ಸಿಕ್ಕರೆ ಹೆಸರು. ಹೊಲದ ಗುರುತು ಸಿಕ್ಕರೆ ಹೊಲದ ಗುರುತು.